ಮಾಪನ ಉಪಕರಣಕ್ಕೆ ಹೊಸ ಮಾಡ್ಯೂಲ್: ಅಳವಡಿಕೆ, ಪರಿಶೀಲನೆ ಮತ್ತು ಲೆಕ್ಕಪತ್ರ

ಕಾರ್ಖಾನೆಗೆ ಹೊಸ ಲೇತ್ ಬಂದರೆ ಮಾಲೀಕರೇ ಗೇಟಿನ ಬಳಿ ನಿಂತು ಇಳಿಸಿಕೊಳ್ಳುತ್ತಾರೆ; ಪೂಜೆಯಾಗುತ್ತದೆ, ಅದೇ ವಾರ ಯಂತ್ರ ಓಡುತ್ತದೆ. ಪರೀಕ್ಷಾ ಉಪಕರಣಕ್ಕೆ ಸೇರಿಸುವ ಮಾಡ್ಯೂಲ್‌ಗೆ ಈ ಭಾಗ್ಯವಿಲ್ಲ. ದಪ್ಪ ನೋಟ್‌ಬುಕ್ಕಿನಷ್ಟು ದೊಡ್ಡದಾದ ಪೆಟ್ಟಿಗೆ ಕೊರಿಯರ್‌ನಲ್ಲಿ ಬರುತ್ತದೆ. ಸ್ಟೋರ್ಸ್ ಗುಮಾಸ್ತರು ಇನ್‌ವಾಯ್ಸ್ ಮೇಲೆ ಮೊಹರು ಒತ್ತಿ ಅದನ್ನು ಬೀರುವಿನಲ್ಲಿ ಇಡುತ್ತಾರೆ. ಪರೀಕ್ಷಾ ವಿಭಾಗಕ್ಕೆ ಬಿಡುವು ದೊರೆತಾಗ ಅದು ಹೊರಬರುತ್ತದೆ. ಆ ವೇಳೆಗೆ ಹಣ ಪಾವತಿಯಾಗಿರುತ್ತದೆ, ತೆರಿಗೆ ಜಮೆ ಪಡೆದಾಗಿರುತ್ತದೆ, ಸವಕಳಿಯ ಲೆಕ್ಕವೂ ಆರಂಭವಾಗಿರುತ್ತದೆ. ಮಾಡ್ಯೂಲ್ ಕೆಲಸ ಮಾಡುತ್ತದೆಯೇ ಎಂಬುದೊಂದನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಈ ವಿಷಯವನ್ನು ಒಂದು ನಿರ್ದಿಷ್ಟ ಉಪಕರಣದ ಮೂಲಕ ವಿವರಿಸುವುದು ಸುಲಭ. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಪರಿಚಿತವಾಗಿರುವ 34970ಎ ಎಂಬ ಡೇಟಾ ಅಕ್ವಿಸಿಷನ್ ಘಟಕವನ್ನು ಆಯ್ದುಕೊಳ್ಳಬಹುದು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಇದನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. 1999ರಲ್ಲಿ ಆ ಸಂಸ್ಥೆಯ ಮಾಪನ ವಿಭಾಗ ಅಜಿಲೆಂಟ್ ಆಯಿತು; 2014ರಲ್ಲಿ ಕೀಸೈಟ್ ಆಯಿತು. ಆದ್ದರಿಂದ ಒಂದೇ ಮಾದರಿಯ ಸಾಧನ ಮೂರು ಹೆಸರುಗಳಲ್ಲಿ ದೊರೆಯುತ್ತದೆ. ರಿಜಿಸ್ಟರಿನಲ್ಲಿ ಒಂದು ಹೆಸರು, ಪೆಟ್ಟಿಗೆಯ ಮೇಲೆ ಇನ್ನೊಂದು ಹೆಸರು ಕಂಡು ಗಾಬರಿಗೊಳ್ಳುವ ಲೆಕ್ಕಪರಿಶೋಧಕರು ಕ್ರಮಸಂಖ್ಯೆಯನ್ನು ಹೋಲಿಸಿದರೆ ಸಾಕು.

ಈ ಘಟಕದ ಹಿಂಬದಿಯಲ್ಲಿ ಮೂರು ಖಾನೆಗಳಿವೆ. ಅವುಗಳಿಗೆ 100, 200 ಮತ್ತು 300 ಎಂಬ ಸಂಖ್ಯೆಗಳು. ಒಳಗೆ ಆರೂವರೆ ಅಂಕಿಯ ಮಲ್ಟಿಮೀಟರ್ ಇರುತ್ತದೆ. 34901ಎ ಎಂಬ ಮಾಡ್ಯೂಲ್ ಸೇರಿಸಿದರೆ ಆ ಒಂದೇ ಮೀಟರ್ 20 ಬೇರೆಬೇರೆ ಸ್ಥಳಗಳ ವೋಲ್ಟೇಜ್, ರೋಧ ಅಥವಾ ಉಷ್ಣತೆಯನ್ನು ಸರದಿಯಲ್ಲಿ ಅಳೆಯಬಲ್ಲದು. ವಿದ್ಯುತ್ ಪ್ರವಾಹ ಅಳೆಯಲು ಇನ್ನೆರಡು ಪ್ರತ್ಯೇಕ ಚಾನಲ್‌ಗಳಿವೆ. ಪೀಣ್ಯದಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ತಯಾರಿಸುವ ಒಂದು ಘಟಕ ತಾಪಮಾನ ಏರಿಕೆಯ ಪರೀಕ್ಷೆಗಾಗಿ ಇಂತಹ ಮಾಡ್ಯೂಲ್ ಒಂದನ್ನು ಕೊಂಡಿದೆ ಎಂದು ಭಾವಿಸಬಹುದು. ಮುಂದಿನ ವಿವರಣೆಯೆಲ್ಲ ಈ ಕಲ್ಪಿತ ಘಟಕವನ್ನು ಆಧರಿಸಿದೆ.

ಹದಿನೈದು ದಿನಗಳ ಗಡುವು

ತಾಂತ್ರಿಕ ವಿಷಯಕ್ಕೆ ಮೊದಲು ಕಾನೂನಿನ ಒಂದು ಮಾತು ಅಗತ್ಯ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಖರೀದಿದಾರನಿಗೆ ಸರಕನ್ನು ಪರೀಕ್ಷಿಸಿ ನೋಡುವ ಹಕ್ಕಿದೆ. ಆದರೆ ತಿರಸ್ಕಾರವನ್ನು ತಿಳಿಸದೆ ಯುಕ್ತ ಕಾಲಾವಧಿಯನ್ನು ಮೀರಿ ಸರಕನ್ನು ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡಂತೆಯೇ. ಯುಕ್ತ ಕಾಲವೆಂದರೆ ಎಷ್ಟು ದಿನ ಎಂಬುದು ವಾದಕ್ಕೆ ಎಡೆಗೊಡುವ ಪ್ರಶ್ನೆ. ಆದರೆ ಸರಬರಾಜುದಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ 2006ರ ಎಂಎಸ್‌ಎಂಇಡಿ ಕಾಯಿದೆ ದಿನಗಳನ್ನು ಎಣಿಸಿಯೇ ಹೇಳಿದೆ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ತಲುಪಿದ ದಿನವೇ ಒಪ್ಪಿಗೆಯ ದಿನವೆಂದು ಪರಿಗಣಿಸಲ್ಪಡುತ್ತದೆ. ಆಕ್ಷೇಪಣೆ ಸಲ್ಲಿಸಿದ್ದರೆ, ಸರಬರಾಜುದಾರರು ಅದನ್ನು ನಿವಾರಿಸಿದ ದಿನವೇ ಒಪ್ಪಿಗೆಯ ದಿನ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಒಪ್ಪಿಗೆಯ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ತೆರಬೇಕು.

ಬೀರುವಿನಲ್ಲಿ ತಿಂಗಳು ಕಳೆದ ಮಾಡ್ಯೂಲ್‌ನಲ್ಲಿ ದೋಷ ಕಂಡುಬಂದಾಗ ಖರೀದಿದಾರನ ಸ್ಥಿತಿ ಏನೆಂಬುದು ಇದರಿಂದ ಸ್ಪಷ್ಟ. ವಾರಂಟಿ ಇರಬಹುದು, ಆದರೆ ಹಣ ತಡೆಹಿಡಿಯುವ ಹಕ್ಕು ದುರ್ಬಲವಾಗಿರುತ್ತದೆ. ಪರಿಶೀಲನೆಯ ಕೆಲಸವಾದರೋ ಅರ್ಧ ದಿನದ್ದು.

ಅಳವಡಿಕೆ

ಪೆಟ್ಟಿಗೆ ತೆರೆದೊಡನೆ ಮಾದರಿ ಸಂಖ್ಯೆ, ಕ್ರಮಸಂಖ್ಯೆ ಹಾಗೂ ಜೊತೆಗೆ ಬಂದ ಪ್ರಮಾಣಪತ್ರಗಳನ್ನು ಇನ್‌ವಾಯ್ಸ್‌ನೊಂದಿಗೆ ತಾಳೆ ನೋಡತಕ್ಕದ್ದು. ಅನಂತರ ಮುಖ್ಯ ಘಟಕವನ್ನು ಆರಿಸಿ, ವಿದ್ಯುತ್ ತಂತಿಯನ್ನೂ ಹೊರಗಿನಿಂದ ಬಂದ ಎಲ್ಲ ಮಾಪನ ತಂತಿಗಳನ್ನೂ ಕಳಚಬೇಕು. ಘಟಕ ಆರಿದ್ದರೂ ಪರೀಕ್ಷೆಗೊಳಪಟ್ಟ ಯಂತ್ರ ಜೀವಂತವಾಗಿದ್ದರೆ ಮಾಡ್ಯೂಲ್‌ನ ಸ್ಕ್ರೂಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಮುಚ್ಚಳ ತೆಗೆದು ತಂತಿಗಳನ್ನು ಸ್ಕ್ರೂಗಳಿಗೆ ಬಿಗಿದು, ಎಳೆತ ಸ್ಕ್ರೂಗಳ ಮೇಲೆ ಬೀಳದಂತೆ ಟೈ ಹಾಕಿ, ಮುಚ್ಚಳ ಮುಚ್ಚಿದ ಮೇಲಷ್ಟೇ ಮಾಡ್ಯೂಲನ್ನು ಖಾನೆಗೆ ಪೂರ್ತಿ ಕೂರುವವರೆಗೆ ತಳ್ಳಬೇಕು.

ಈ ಮಾಡ್ಯೂಲ್‌ನ ಮಿತಿ 300 ವೋಲ್ಟ್. ಏಕ ಫೇಸಿನ 230 ವೋಲ್ಟ್ ಈ ಮಿತಿಯೊಳಗೆ ಬರುತ್ತದೆ. ಎರಡು ಫೇಸುಗಳ ನಡುವಿನ 415 ವೋಲ್ಟ್ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್ ತಯಾರಕರಿಗೆ ಈ ವ್ಯತ್ಯಾಸ ಜೀವಕ್ಕೂ ಉಪಕರಣಕ್ಕೂ ಸಂಬಂಧಿಸಿದ್ದು.

ಥರ್ಮೋಕಪಲ್ ಜೋಡಿಸುವಾಗ ಬಣ್ಣಗಳ ಬಗ್ಗೆ ಎಚ್ಚರ ಬೇಕು. ಅಮೆರಿಕದ ಪದ್ಧತಿಯ ಕೆ ಮಾದರಿ ತಂತಿಯಲ್ಲಿ ಹಳದಿ ಧನ, ಕೆಂಪು ಋಣ. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ. ಕೆಂಪು ಕಂಡೊಡನೆ ಧನವೆಂದು ಜೋಡಿಸುವುದು ನಮ್ಮ ಎಲೆಕ್ಟ್ರಿಷಿಯನ್ನರ ಕೈಗೆ ಬಂದ ಅಭ್ಯಾಸ. ಹಾಗೆ ತಿರುಗಿಸಿ ಜೋಡಿಸಿದ ಚಾನಲ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಬಿಸಿಯಾದಷ್ಟೂ ಅಂಕಿ ಇಳಿಯುತ್ತದೆ.

ಪರಿಶೀಲನೆ

ಉಪಕರಣವನ್ನು ಚಾಲೂ ಮಾಡಿ, ಖಾನೆಯಲ್ಲಿರುವ ಮಾಡ್ಯೂಲನ್ನು ಅದು ಗುರುತಿಸುತ್ತದೆಯೇ ಎಂದು ನೋಡುವುದು ಮೊದಲ ಹೆಜ್ಜೆ. 100ನೇ ಖಾನೆಯಲ್ಲಿದ್ದರೆ ಚಾನಲ್‌ಗಳು 101ರಿಂದ, 200ನೇ ಖಾನೆಯಲ್ಲಿದ್ದರೆ 201ರಿಂದ ಆರಂಭವಾಗುತ್ತವೆ. ಕಂಪ್ಯೂಟರಿನ ತಂತ್ರಾಂಶದಲ್ಲಿ ಬರೆದಿಟ್ಟ ಸಂಖ್ಯೆಗಳು ಇದಕ್ಕೆ ಹೊಂದಿರಬೇಕು. ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದು ಚಾಲೂ ಮಾಡಿದರೆ ಪೂರ್ಣ ಸ್ವಯಂಪರೀಕ್ಷೆ ನಡೆಯುತ್ತದೆ. ಬಹುಪಾಲು ಕಾರ್ಖಾನೆಗಳಲ್ಲಿ ಪರಿಶೀಲನೆ ಇಲ್ಲಿಗೇ ಮುಗಿಯುತ್ತದೆ. ‘ಪಾಸ್’ ಎಂಬ ಪದ ಕಂಡೊಡನೆ ವರದಿಗೆ ಸಹಿ ಬೀಳುತ್ತದೆ. ಇದು ಸರಿಯಲ್ಲ. ಸ್ವಯಂಪರೀಕ್ಷೆ ಉಪಕರಣದ ಒಳಗಿನ ಸ್ವಾಸ್ಥ್ಯವನ್ನು ತಿಳಿಸುತ್ತದೆಯೇ ಹೊರತು ತಾನು ತೋರಿಸುವ ಅಂಕಿ ನಿಜವೇ, ತಂತಿ ಸರಿಯಾದ ಸ್ಕ್ರೂಗೆ ಬಿಗಿದಿದೆಯೇ ಎಂಬುದನ್ನಲ್ಲ. ಖಾತೆಗಳ ಡೆಬಿಟ್ ಕ್ರೆಡಿಟ್ ತಾಳೆಯಾದ ಮಾತ್ರಕ್ಕೆ ನಗದು ಪೆಟ್ಟಿಗೆಯಲ್ಲಿ ಹಣವಿದೆ ಎಂದು ಅರ್ಥವಲ್ಲವಷ್ಟೆ.

ಎರಡನೆಯ ಹೆಜ್ಜೆ, ಪ್ರತಿ ಚಾನಲ್‌ನ ಎರಡು ತುದಿಗಳನ್ನು ತಾಮ್ರದ ತುಂಡು ತಂತಿಯಿಂದ ಕೂಡಿಸಿ ಓದುವುದು. ರಿಲೇಯಿಂದ ಸೇರುವ ವೋಲ್ಟೇಜ್ 3 ಮೈಕ್ರೋವೋಲ್ಟ್‌ಗಿಂತ ಕಡಿಮೆಯೆಂದು ತಯಾರಕರ ವಿವರಪಟ್ಟಿ ಹೇಳುತ್ತದೆ. ಮೀಟರಿನದೇ ಕೆಲವು ಮೈಕ್ರೋವೋಲ್ಟ್ ಅದಕ್ಕೆ ಸೇರಬಹುದು. ಕೆ ಮಾದರಿಯ ಥರ್ಮೋಕಪಲ್ ಪ್ರತಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಕೊಡುವುದರಿಂದ 3 ಮೈಕ್ರೋವೋಲ್ಟ್ ಎಂದರೆ ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಒಂದು ಚಾನಲ್ ಮಾತ್ರ ಇತರ ಹತ್ತೊಂಬತ್ತಕ್ಕಿಂತ ಎದ್ದು ಕಾಣುವಷ್ಟು ಭಿನ್ನವಾಗಿದ್ದರೆ ಆ ರಿಲೇಯನ್ನು ಸಂದೇಹಿಸಬೇಕು.

ಪ್ಲಾಟಿನಂ ರೋಧದ ಸಂವೇದಕಗಳನ್ನು, ಅಂದರೆ ಪಿಟಿ-100ಗಳನ್ನು, ಬಳಸುವವರು ರೋಧವನ್ನೂ ನೋಡತಕ್ಕದ್ದು. ಹೊಸ ಮಾಡ್ಯೂಲ್‌ನಲ್ಲಿ ಮುಚ್ಚಿದ ಚಾನಲ್‌ನ ರೋಧ 1 ಓಮ್‌ಗಿಂತ ಕಡಿಮೆ ಇರಬೇಕು. ಒಂದು ಓಮ್ ಅಲ್ಪವೆಂದು ತೋರಬಹುದು. ಪಿಟಿ-100 ಪ್ರತಿ ಡಿಗ್ರಿಗೆ ಬದಲಾಗುವುದು 0.385 ಓಮ್ ಮಾತ್ರ. ಆದಕಾರಣ ಎರಡು ತಂತಿಯ ಜೋಡಣೆಯಲ್ಲಿ ಒಂದು ಓಮ್ ಹೆಚ್ಚಾದರೆ ಎರಡೂವರೆ ಡಿಗ್ರಿ ಹೆಚ್ಚು ತೋರುತ್ತದೆ. ನಾಲ್ಕು ತಂತಿಯ ಜೋಡಣೆ ಈ ದೋಷವನ್ನು ನಿವಾರಿಸುತ್ತದೆ. ಆದರೆ ಆಗ 101ಕ್ಕೆ 111, 102ಕ್ಕೆ 112 ಎಂಬಂತೆ ಚಾನಲ್‌ಗಳು ಜೋಡಿಯಾಗಿ 20 ಇದ್ದದ್ದು 10 ಆಗುತ್ತದೆ. ಖರೀದಿ ಆದೇಶ ಬರೆಯುವ ಮುನ್ನವೇ ಇದನ್ನು ಎಣಿಸದ ಕಾರಣ ಎರಡನೆಯ ಮಾಡ್ಯೂಲ್ ಕೊಳ್ಳಬೇಕಾದ ಪ್ರಸಂಗಗಳು ಅಪರೂಪವಲ್ಲ.

ಮೂರನೆಯದು ಉಷ್ಣತೆಯ ಪರೀಕ್ಷೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿಮಾಡಿದ ಮಂಜುಗಡ್ಡೆಯನ್ನು ನೀರಿನೊಂದಿಗೆ ಕಲಸಿ ಥರ್ಮೋಕಪಲ್‌ಗಳ ತುದಿಗಳನ್ನು ಮುಳುಗಿಸಿದರೆ ಸೊನ್ನೆ ಡಿಗ್ರಿ ದೊರೆಯುತ್ತದೆ. ಕುದಿಯುವ ನೀರಿನಲ್ಲಿ ನೋಡುವವರು ಒಂದು ಅಂಶ ಮರೆಯಬಾರದು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಮಂಗಳೂರಿನಲ್ಲಿ 100 ತೋರಿದ ಮಾಡ್ಯೂಲ್ ಪೀಣ್ಯದಲ್ಲಿ 97 ತೋರಿದರೆ ಅದು ಮಾಡ್ಯೂಲ್‌ನ ದೋಷವಲ್ಲ. ಸಾಮಾನ್ಯ ದರ್ಜೆಯ ಕೆ ಮಾದರಿ ತಂತಿಗೇ ಎರಡೂವರೆ ಡಿಗ್ರಿಯ ವ್ಯತ್ಯಾಸಕ್ಕೆ ಅವಕಾಶವಿದೆ. ಮಾಡ್ಯೂಲ್ ಒಳಗಿನ ಉಲ್ಲೇಖ ಸಂಧಿಯೂ ಒಂದು ಡಿಗ್ರಿಯ ಆಸುಪಾಸಿನಲ್ಲಿ ತಪ್ಪಬಹುದು. ಎರಡನ್ನೂ ಕೂಡಿಸಿ ನೋಡಿ ಅಂಗೀಕಾರದ ಮಿತಿಯನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು. ಅಂಕಿ ಬಂದ ಮೇಲೆ ಮಿತಿ ಬರೆಯುವುದು ಪರೀಕ್ಷೆಯಾಗದು.

ಕೊನೆಗೆ ಒಂದೊಂದೇ ತುದಿಯನ್ನು ಬೆರಳುಗಳ ನಡುವೆ ಹಿಡಿದು ಬಿಸಿ ಮಾಡಿದರೆ ಯಾವ ತಂತಿ ಯಾವ ಚಾನಲ್‌ಗೆ ಸೇರಿದೆ ಎಂಬುದು ಖಚಿತವಾಗುತ್ತದೆ. ಇದಕ್ಕೆ ಖರ್ಚಿಲ್ಲ, ಆದರೂ ಹೆಚ್ಚಿನ ತಪ್ಪುಗಳು ಸಿಕ್ಕಿಬೀಳುವುದು ಇಲ್ಲಿಯೇ.

ಇಷ್ಟಾದರೂ ಇದು ಕ್ಯಾಲಿಬ್ರೇಷನ್ ಆಗುವುದಿಲ್ಲ. ಗ್ರಾಹಕರಿಗೆ ಪರೀಕ್ಷಾ ವರದಿ ನೀಡುವ ಘಟಕಗಳು ಐಎಸ್‌ಒ/ಐಇಸಿ 17025 ಮಾನಕದಡಿ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಪ್ರಮಾಣಪತ್ರ ಪಡೆಯುವುದು ರೂಢಿ. ಮುಖ್ಯ ಘಟಕದ ಮೀಟರಿಗೆ ಪ್ರಮಾಣಪತ್ರವಿದೆ, ಮಾಡ್ಯೂಲ್‌ಗೆ ಬೇಡ ಎಂಬ ವಾದ ನಿಲ್ಲುವುದಿಲ್ಲ. ರಿಲೇಗಳು ಹಾಗೂ ಉಲ್ಲೇಖ ಸಂಧಿ ಇರುವುದು ಮಾಡ್ಯೂಲ್‌ನಲ್ಲಿ. ಐಎಸ್‌ಒ 9001:2015ರ 7.1.5ನೇ ಖಂಡದಂತೆ ಉಪಕರಣ ದೋಷಯುಕ್ತವೆಂದು ತಿಳಿದಾಗ ಹಿಂದಿನ ಫಲಿತಾಂಶಗಳ ಸಿಂಧುತ್ವಕ್ಕೆ ಧಕ್ಕೆಯಾಗಿದೆಯೇ ಎಂದು ನಿರ್ಧರಿಸಬೇಕು. ಆರಂಭದ ಪರಿಶೀಲನೆಯ ದಾಖಲೆಯೇ ಇಲ್ಲದಿದ್ದರೆ ಎಲ್ಲಿಯವರೆಗೆ ಹಿಂದಕ್ಕೆ ಹೋಗಿ ಮಾಲು ವಾಪಸು ಕರೆಸಬೇಕು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ರಿಲೇಗಳ ಆಯುಸ್ಸು

ಪ್ರತಿಯೊಂದು ರಿಲೇ ಎಷ್ಟು ಬಾರಿ ಮುಚ್ಚಿ ತೆರೆದಿದೆ ಎಂಬ ಎಣಿಕೆ ಮಾಡ್ಯೂಲ್‌ನ ಸ್ಮೃತಿಯಲ್ಲಿ ಉಳಿಯುತ್ತದೆ. ಹಳೆಯ ಮಾಡ್ಯೂಲ್ ಕೊಳ್ಳುವವರಿಗೆ ಇದು ಕಾರಿನ ಮೀಟರ್ ಇದ್ದಂತೆ. ಕಾರಿನ ಮೀಟರಿನಂತೆಯೇ ಇದನ್ನೂ ಸೊನ್ನೆಗೆ ತಿರುಗಿಸಲು ಸಾಧ್ಯ ಎಂಬುದೂ ನೆನಪಿರಲಿ. ರಿಲೇಯ ಸಾಮಾನ್ಯ ಆಯುಸ್ಸು ಹೊರೆಯಿಲ್ಲದೆ 10 ಕೋಟಿ ಬಾರಿ. ಪೂರ್ಣ ಹೊರೆಯಲ್ಲಿ 1 ಲಕ್ಷ ಬಾರಿ. ಹತ್ತು ಸೆಕೆಂಡಿಗೊಮ್ಮೆ ಎಲ್ಲ ಚಾನಲ್ ಓದುವ ಪರೀಕ್ಷೆಯಲ್ಲಿ ಪ್ರತಿ ರಿಲೇ ದಿನಕ್ಕೆ 8,640 ಬಾರಿ ಮುಚ್ಚುತ್ತದೆ. ಪೂರ್ಣ ಹೊರೆಯಾದರೆ 12 ದಿನಗಳೊಳಗೆ ಲಕ್ಷ ಮುಟ್ಟುತ್ತದೆ. ಥರ್ಮೋಕಪಲ್‌ನಂತಹ ಹೊರೆಯೇ ಇಲ್ಲದ ಕೆಲಸಕ್ಕೆ ಅದೇ ರಿಲೇ ದಶಕಗಳ ಕಾಲ ಬರಬಲ್ಲದು. ಉಷ್ಣತೆಗೆಂದು ತಂದ ಮಾಡ್ಯೂಲ್‌ನಿಂದ ಹೊರೆಯ ಸ್ವಿಚಿನ ಕೆಲಸ ಮಾಡಿಸುವುದು ಎಷ್ಟು ದುಬಾರಿ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಖಾತೆ ಪುಸ್ತಕಗಳಲ್ಲಿ

ಪರಿಷ್ಕೃತ ಲೆಕ್ಕ ಮಾನಕ 10ರ ಪ್ರಕಾರ ಬೆಲೆಯ ಜೊತೆಗೆ ಸಾಗಣೆ, ಜಮೆ ದೊರೆಯದ ಸುಂಕ, ಅಳವಡಿಕೆಯ ವೆಚ್ಚ ಮತ್ತು ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ವೆಚ್ಚ ಆಸ್ತಿಯ ಮೌಲ್ಯಕ್ಕೆ ಸೇರುತ್ತವೆ. ಈ ತರ್ಕದಂತೆ ಬಳಕೆಗೆ ಮುನ್ನ ಮಾಡಿಸಿದ ಮೊದಲ ಕ್ಯಾಲಿಬ್ರೇಷನ್ ಬಂಡವಾಳ ವೆಚ್ಚ. ವರ್ಷಾವರ್ಷದ ಕ್ಯಾಲಿಬ್ರೇಷನ್ ರೆವಿನ್ಯೂ ವೆಚ್ಚ. ಸಿಬ್ಬಂದಿಯ ತರಬೇತಿ ವೆಚ್ಚವನ್ನು ಆಸ್ತಿಗೆ ಸೇರಿಸಲಾಗದು. ಜಿಎಸ್‌ಟಿಯ ಜಮೆ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಕೇಳಿದರೆ ಜಮೆಯೇ ಹೋಗುತ್ತದೆ.

ಲೆಕ್ಕ ಮಾನಕದಲ್ಲಿ ಸವಕಳಿ ಆರಂಭವಾಗುವುದು ಆಸ್ತಿ ಬಳಕೆಗೆ ಸಿದ್ಧವಾದಾಗ. ಆದಾಯ ತೆರಿಗೆಯಲ್ಲಿ ಬಳಕೆಗೆ ತಂದಾಗ. ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ದರ ಅರ್ಧ. ಫೆಬ್ರವರಿಗೆ 28 ದಿನಗಳಿರುವ ಹಣಕಾಸು ವರ್ಷದಲ್ಲಿ ಈ ಗಡಿ ಅಕ್ಟೋಬರ್ 3. ಜಮೆ ಬಿಟ್ಟು 1,20,000 ರೂಪಾಯಿ ವೆಚ್ಚವಾಗಿದ್ದರೆ ಶೇಕಡಾ 15ರಂತೆ 18,000 ರೂಪಾಯಿ ಸವಕಳಿ; ನಾಲ್ಕನೇ ತಾರೀಕು ಬಳಕೆಗೆ ತಂದರೆ 9,000. ಉಳಿದದ್ದು ನಷ್ಟವಲ್ಲ, ಮುಂದಿನ ವರ್ಷಗಳಿಗೆ ಹೋಗುತ್ತದೆ. ಆದರೂ ವರದಿಯ ತಾರೀಕನ್ನು ಹಿಂದಕ್ಕೆ ಸರಿಸುವ ಆಸೆ ಕೆಲವರಿಗೆ ಹುಟ್ಟುವುದುಂಟು. ಈ ಉಪಕರಣದಲ್ಲಿ ಗಡಿಯಾರವಿದೆ. 50,000 ಓದುಗಳನ್ನು ವೇಳೆಯ ಸಮೇತ ಅದು ಸಂಗ್ರಹಿಸಬಲ್ಲದು. ಕಾಗದದ ಮೇಲೆ ಸೆಪ್ಟೆಂಬರ್, ಕಂಪ್ಯೂಟರಿನಲ್ಲಿ ನವೆಂಬರ್ ಎಂದಾದರೆ 9,000 ರೂಪಾಯಿಗಾಗಿ ಇಡೀ ಪುಸ್ತಕಗಳ ಮೇಲಿನ ವಿಶ್ವಾಸವೇ ಹೋಗುತ್ತದೆ. ಪರೀಕ್ಷಾರ್ಥ ಓಟವನ್ನೂ ಬಳಕೆಯೆಂದು ವಾದಿಸುವವರಿದ್ದಾರೆ; ತಕರಾರು ಬೇಡವೆನ್ನುವವರು ಮೊದಲ ನೈಜ ಕೆಲಸದ ಜಾಬ್ ಕಾರ್ಡಿನ ದಿನಾಂಕವನ್ನೇ ಹಿಡಿಯುವುದು ಕ್ಷೇಮ.

ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ‘ಡೇಟಾ ಲಾಗರ್ ಬಿಡಿಭಾಗ’ ಎಂದು ಬರೆದರೆ ಸಾಲದು. ಮಾಡ್ಯೂಲ್ ಒಂದು ಘಟಕದಿಂದ ಇನ್ನೊಂದಕ್ಕೆ, ಒಂದು ಶಾಖೆಯಿಂದ ಇನ್ನೊಂದಕ್ಕೆ ಚೀಲದಲ್ಲಿ ಹೋಗಬಲ್ಲ ವಸ್ತು. ಅದರ ಸ್ವಂತ ಕ್ರಮಸಂಖ್ಯೆ, ಸೇರಿರುವ ಮುಖ್ಯ ಘಟಕದ ಕ್ರಮಸಂಖ್ಯೆ, ಖಾನೆ, ಪರಿಶೀಲನೆಯ ದಿನಾಂಕ ಹಾಗೂ ಅಂದಿನ ರಿಲೇ ಎಣಿಕೆ ಇಷ್ಟನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ವರ್ಷಾಂತ್ಯದ ಭೌತಿಕ ಪರಿಶೀಲನೆಗೆ ಬಂದವರು ಎಣಿಕೆಯನ್ನು ಮತ್ತೆ ಓದಿ, ಹೆಚ್ಚಳ ವರ್ಷದ ಪರೀಕ್ಷೆಗಳ ಸಂಖ್ಯೆಗೆ ಹೊಂದುತ್ತದೆಯೇ ಎಂದು ಜಾಬ್ ಕಾರ್ಡ್‌ಗಳೊಂದಿಗೆ ತಾಳೆ ನೋಡಬಹುದು.