ಕೃತ, ಕಾರಿತ, ಅನುಮತ: ಪರರ ಮನಸ್ಸನ್ನು ತಿರುಗಿಸುವ ಬಗೆ

ತಾನೇ ಮಾಡುವುದು ಕೃತ, ಅನ್ಯರಿಂದ ಮಾಡಿಸುವುದು ಕಾರಿತ, ಮಾಡಿದವರನ್ನು ಮೆಚ್ಚುವುದು ಅನುಮತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿ ಇರಿಸಿದ್ದಾರೆ. ಮನ, ವಚನ, ಕಾಯಗಳಿಂದಲೂ ನಾಲ್ಕು ಕಷಾಯಗಳಿಂದಲೂ ಸಂರಂಭ ಮೊದಲಾದ ಮೂರು ಹಂತಗಳಿಂದಲೂ ಇವನ್ನು ಗುಣಿಸಿದಾಗ ಒಟ್ಟು 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳ ಸಂಖ್ಯೆಯೂ ಅಷ್ಟೇ ಎಂಬುದನ್ನು ನಮ್ಮ ಮನೆಗಳ ಹಿರಿಯರು ಬಲ್ಲರು. ಅಂದಮೇಲೆ ಪರರ ಮನಸ್ಸಿನ ಮೇಲೆ ನಾವು ಬೀರುವ ಪ್ರಭಾವವು ನಮ್ಮದೇ ಕರ್ಮದ ಲೆಕ್ಕಕ್ಕೆ ಸೇರತಕ್ಕದ್ದು.

ಈ ವಿಷಯವನ್ನು ಯಶೋಧರನ ಕಥೆಯಷ್ಟು ಸೂಕ್ಷ್ಮವಾಗಿ ತೋರಿಸುವ ಕಥೆ ಬೇರೊಂದಿಲ್ಲವೆಂದು ನನ್ನ ಭಾವನೆ. ಹೊಯ್ಸಳರ ಆಶ್ರಯದಲ್ಲಿದ್ದ ಜನ್ನ ಕವಿಯು 1209ರಲ್ಲಿ ಇದನ್ನು ಕನ್ನಡದಲ್ಲಿ ರಚಿಸಿದನು. ಜೀವದಯಾಷ್ಟಮಿಯ ನೋಂಪಿಯ ಸಂದರ್ಭದಲ್ಲಿ ನಾವು ಕೇಳುವ ಕಥೆಯೂ ಇದೇ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಯ ಫಲವನ್ನು ನಾವೆಲ್ಲರೂ ನೆನೆಯುತ್ತೇವೆ. ಆ ಕೋಳಿಯು ಯಶೋಧರನ ಕೈಗೆ ಬಂದ ಬಗೆಯನ್ನು ಮಾತ್ರ ಅಷ್ಟಾಗಿ ವಿಚಾರಿಸುವುದಿಲ್ಲ.

ರಾಣಿ ಅಮೃತಮತಿಯು ಮಾವುತನಿಗೆ ಒಲಿದುದನ್ನು ಯಶೋಧರನು ಕಣ್ಣಾರೆ ಕಂಡನು. ಮರುದಿನ ತಾಯಿ ಚಂದ್ರಮತಿಯು ಮಗನ ಬಾಡಿದ ಮುಖವನ್ನು ನೋಡಿ ಕಾರಣ ಕೇಳಿದಾಗ, ಕಂಡದ್ದನ್ನು ಹೇಳದೆ, ಕೆಟ್ಟ ಕನಸೆಂದು ಮರೆಮಾಡಿದನು. ತಾಯಿಯಾದರೋ ಮಾತನ್ನು ಕೇಳಿದಳು, ಮನಸ್ಸನ್ನು ಕೇಳಲಿಲ್ಲ. ಕನಸಿನ ದೋಷಕ್ಕೆ ದೇವಿಗೆ ಬಲಿಯೇ ಪರಿಹಾರವೆಂದಳು. ಮಗನು ಒಲ್ಲೆನೆಂದನು. ಜೀವವಿರುವ ಕೋಳಿ ಬೇಡವಾದರೆ ಹಿಟ್ಟಿನದಾದರೂ ಆಗಲೆಂದು ಅವಳು ಪಟ್ಟು ಹಿಡಿದಳು. ಇಲ್ಲಿ ದ್ವೇಷವಿಲ್ಲ, ಮೋಸವಿಲ್ಲ. ಇರುವುದು ಮಗನ ಮೇಲಿನ ಮಮತೆ. ಆ ಮಮತೆಯ ಮುಂದೆ ಯಶೋಧರನ ವಿವೇಕವು ಸೋತಿತು. ಮೊದಲು ದೊಡ್ಡದನ್ನು ಕೇಳಿ, ನಿರಾಕರಿಸಿದ ಮೇಲೆ ಚಿಕ್ಕದನ್ನು ಕೇಳಿದರೆ ಮನುಷ್ಯನು ಒಪ್ಪಿಬಿಡುತ್ತಾನೆಂದು ಇಂದಿನ ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಒಮ್ಮೆ ಇಲ್ಲವೆಂದವನಿಗೆ ಎರಡನೆಯ ಸಲ ಇಲ್ಲವೆನ್ನಲು ಸಂಕೋಚ. ಹೆತ್ತವಳ ಎದುರಿನಲ್ಲಂತೂ ಕೇಳಬೇಕೆ?

ಭಾದ್ರಪದದ ದಶಲಕ್ಷಣ ಪರ್ವವನ್ನು ನೆನೆಯಿರಿ. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಹೆಸರು ಬಿಡಿಸುವ ಸುಗ್ಗಿಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುತ್ತದೆ. ಹೊಸದಾಗಿ ಬಂದ ಸೊಸೆಗೆ ಅತ್ತೆಯು ಹತ್ತೂ ದಿನ ಉಪವಾಸ ಮಾಡೆನ್ನುತ್ತಾಳೆ. ಸೊಸೆಯು ಆಗದೆಂದಾಗ, "ಹೋಗಲಿ, ಐದು ದಿನವಾದರೂ ಮಾಡು, ಓಣಿಯವರು ಏನೆಂದಾರು?" ಎನ್ನುತ್ತಾಳೆ. "ಹೂಂರಿ ಅತ್ತಿ" ಎಂಬ ಉತ್ತರ ಬರುತ್ತದೆ. ಆ "ಹೂಂ" ಒಳಗೆ ತಲೆಸುತ್ತಿನ ಭಯವಿದೆಯೋ, ತವರಿನ ನೆನಪಿದೆಯೋ, ಇನ್ನೂ ಯಾರಿಗೂ ಹೇಳದ ಗರ್ಭದ ಸಂಶಯವಿದೆಯೋ, ಯಾರೂ ಕೇಳುವುದಿಲ್ಲ. ಪಾರಣೆಯ ದಿನ ಎಲ್ಲರೂ ಹೊಗಳುತ್ತಾರೆ. ಹೊಗಳಿಕೆಯೂ ಒಂದು ಒತ್ತಾಯವೇ, ಏಕೆಂದರೆ ಮುಂದಿನ ವರ್ಷ ಅವಳು ಹಿಂದೆಗೆಯಲಾರಳು.

ಪ್ರೋಷಧೋಪವಾಸಕ್ಕೆ ಸೂತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅನಾದರವೂ ಒಂದು. ಆದರವಿಲ್ಲದೆ ಹಸಿವಿನಿಂದಿದ್ದ ದಿನವು ವ್ರತಕ್ಕೆ ಕಳಂಕ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗಲೂ "ಶಕ್ತಿಗನುಸಾರವಾಗಿ" ಎಂಬ ವಿಶೇಷಣವನ್ನು ಆಚಾರ್ಯರು ಬಿಟ್ಟಿಲ್ಲ. ಶಕ್ತಿಯನ್ನು ಅಳೆಯತಕ್ಕವರು ಉಪವಾಸ ಮಾಡುವವರೇ ಹೊರತು ಮಾಡಿಸುವವರಲ್ಲ. ಒಪ್ಪತ್ತು ಊಟದ ಏಕಾಶನವನ್ನು ಮನಃಪೂರ್ವಕವಾಗಿ ಮಾಡಿದ ಹೆಣ್ಣುಮಗಳನ್ನು ಕಡಿಮೆಯವಳೆಂದು ಎಣಿಸುವ ನಮ್ಮ ರೂಢಿ ನನಗಂತೂ ಸರಿಕಾಣದು.

ಹಾಗಾದರೆ ಧರ್ಮದಲ್ಲಿ ಯಾರನ್ನೂ ಪ್ರೇರಿಸಕೂಡದೇ? ಹಾಗಲ್ಲ, ಸ್ಥಿತಿಕರಣವು ಸಮ್ಯಗ್ದರ್ಶನದ ಅಂಗವೇ ಆಗಿದೆ. ಅದರ ರೀತಿಯನ್ನು ಯಶೋಧರನ ಕಥೆಯ ಹೊರಚೌಕಟ್ಟು ತೋರಿಸುತ್ತದೆ. ಚಂಡಮಾರಿಗೆ ಬಲಿಕೊಡಲೆಂದು ಅಭಯರುಚಿ, ಅಭಯಮತಿಯರೆಂಬ ಎಳೆಯರನ್ನು ಹಿಡಿದು ತಂದಿದ್ದಾರೆ. ಮಾರಿದತ್ತ ಅರಸನ ಕೈಯಲ್ಲಿ ಕತ್ತಿಯಿದೆ. ಅಭಯರುಚಿಯು ಬೇಡಿಕೊಳ್ಳಲಿಲ್ಲ, ಬಯ್ಯಲೂ ಇಲ್ಲ. ಅವರ ನಿರ್ಭಯವನ್ನು ಕಂಡು ಬೆರಗಾದ ಅರಸನು ತಾನಾಗಿ ಕೇಳಿದಾಗ, ತಮ್ಮ ಕಥೆಯನ್ನೇ ಹೇಳಿದನು. ಹಿಂದೆ ಯಶೋಧರನಾಗಿದ್ದವನು ತಾನೇ, ಚಂದ್ರಮತಿಯಾಗಿದ್ದವಳು ಈ ತಂಗಿಯೇ. ಒಂದು ಹಿಟ್ಟಿನ ಕೋಳಿಯಿಂದ ನವಿಲಾಗಿ, ನಾಯಾಗಿ, ಜನ್ಮಜನ್ಮಾಂತರಗಳಲ್ಲಿ ಬಳಲಿದುದನ್ನು ಮರೆಮಾಡದೆ ತಿಳಿಸಿದನು. "ನೀನು ಪಾಪಿ" ಎಂದಿದ್ದರೆ ಅರಸನ ಕತ್ತಿ ಎದ್ದೀತು. "ನಾನು ಹೀಗೆ ತಪ್ಪಿದೆ" ಎಂದುದರಿಂದ ಕಿವಿ ತೆರೆಯಿತು. ಒಮ್ಮೆ ಕನಸಿನ ನೆವದಲ್ಲಿ ನಿಜವನ್ನು ಮುಚ್ಚಿ ಕೆಟ್ಟವನು, ಈಗ ನಿಜವನ್ನು ಬಿಚ್ಚಿ ಇನ್ನೊಬ್ಬನನ್ನು ಉಳಿಸಿದನು. ಮಾರಿದತ್ತನು ದೀಕ್ಷೆಯನ್ನೇ ವಹಿಸಿದನು.

ನಮ್ಮ ಸೀಮೆಯಲ್ಲಿಯೇ ಇನ್ನೊಂದು ಉದಾಹರಣೆಯುಂಟು. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದ ಹೆಣ್ಣುಮಗಳು. ಪಂಪನ ಪೂರ್ವಜ ಮಾಧವ ಸೋಮಯಾಜಿಯು ಯಜ್ಞ ಮಾಡಿದವನು. ತಂದೆ ಭೀಮಪಯ್ಯನು ಜಿನಧರ್ಮವನ್ನು ಆರಿಸಿಕೊಂಡನು. ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಶಾಸನ ಬರೆಸಿದಾಗ ಅಣ್ಣಿಗೇರಿಯ ತಾಯಿಯ ಮನೆತನವನ್ನೂ ಹೆಮ್ಮೆಯಿಂದಲೇ ಹೇಳಿಕೊಂಡನು. ಹೊಸ ದಾರಿ ಹಿಡಿದವರು ಹಳೆಯ ನಂಟನ್ನು ಹಳಿಯಲಿಲ್ಲ.

ಎಷ್ಟು ಹೇಳಿದರೂ ಮನಸ್ಸು ತಿರುಗದವರು ಇದ್ದೇ ಇರುತ್ತಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯವೆಂದು ಹೇಳಿದ ಉಮಾಸ್ವಾಮಿಗಳು ಇಂಥ ಅವಿನೇಯರಲ್ಲಿ ಮಾಧ್ಯಸ್ಥ್ಯವನ್ನು ವಿಧಿಸಿದ್ದಾರೆ. ರಾಗವೂ ಬೇಡ, ದ್ವೇಷವೂ ಬೇಡ. ಆದರೆ ಸೊಸೆಯನ್ನು ಅವಿನೇಯಳ ಪಟ್ಟಿಗೆ ಸೇರಿಸುವ ಮುನ್ನ ಅತ್ತೆಯು ಚತುರ್ದಶಿಯ ಹಿಂದಿನ ಸಂಜೆ, ಹೊತ್ತು ಮುಳುಗುವ ಮುನ್ನ, ಅವಳೊಡನೆ ಊಟಕ್ಕೆ ಕುಳಿತು, "ನನಗೂ ಮೊದಲ ವರ್ಷ ಆಗಿರಲಿಲ್ಲವ್ವ, ನಿನಗೆ ಹೇಗಿದೆ?" ಎಂದು ಒಮ್ಮೆ ಕೇಳಿ ನೋಡಲಿ.