ಸೈಕಲ್ಲಿನ ಚಿತ್ರ

ಬೈಸಿಕಲ್ಲನ್ನು ಮೊದಲು ಕಂಡ ಮಲೆನಾಡಿಗರು ಅದನ್ನು ‘ಬೀಸೆಕಲ್ಲು’ ಎಂದು ಕರೆದ ವಿನೋದವನ್ನು ಕುವೆಂಪು ಅವರು 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಅವರು ಹುಟ್ಟಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕಿನಲ್ಲಿಯೇ ಇದೆ. ಮೇಗುಂದದ ಏರುದಾರಿಯಲ್ಲಂತೂ ಸೈಕಲ್ಲು ನಮ್ಮನ್ನು ಹೊತ್ತದ್ದಕ್ಕಿಂತ ನಾವು ಅದನ್ನು ತಳ್ಳಿದ್ದೇ ಹೆಚ್ಚು. ಮಳೆಗಾಲದಲ್ಲಿ ಮಡ್‌ಗಾರ್ಡಿನೊಳಗೆ ಕೆಮ್ಮಣ್ಣು ಮೆತ್ತಿ ಚಕ್ರವೇ ತಿರುಗುತ್ತಿರಲಿಲ್ಲ. ಕಡ್ಡಿಯಿಂದ ಕೆರೆದು ಮುಂದೆ ಸಾಗಬೇಕಾಗಿತ್ತು.

1976ರಲ್ಲಿ, ನಾನೂ ನಿಮ್ಮಂತೆ ಒಂಬತ್ತನೆಯ ತರಗತಿಯಲ್ಲಿದ್ದಾಗ, ಅಪ್ಪಯ್ಯ ಅಡಕೆ ಮಾರಿದ ಹಣದಿಂದ ಒಂದು ಹಳೆಯ ಸೈಕಲ್ಲನ್ನು ಕೊಡಿಸಿದರು. ಶಾಲೆಗೆ ಐದು ಮೈಲಿ ದೂರ. ಬೇಸಗೆಯಲ್ಲಿ ಸೋದರಮಾವ ಕ್ಯಾಮೆರಾ ತಂದರು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಶೃಂಗೇರಿಯಲ್ಲಿ ತೆಗೆದು ಉಳಿದಿದ್ದುದು ಒಂದು. ಅದು ಸೈಕಲ್ಲಿಗೇ ಮೀಸಲಾಗಬೇಕೆಂದು ನಾನು ಹಟ ಹಿಡಿದೆ.

“ಸ್ಟ್ಯಾಂಡು ಸಡಿಲಾಗಿದೆ, ಬಿದ್ದೀತು ಮಾರಾಯ, ನಾನು ಹಿಡಿದುಕೊಳ್ಳುತ್ತೇನೆ” ಎಂದು ಅಪ್ಪಯ್ಯ ಬಳಿಗೆ ಬಂದರು.

“ಸೈಕಲ್ಲು ಮರೆಯಾಗುತ್ತದೆ, ಸ್ವಲ್ಪ ಆಚೆ ನಿಲ್ಲು ಅಪ್ಪಯ್ಯ” ಎಂದೆ. ಅವರು ನಗುತ್ತ ಸರಿದು ಕೈಯನ್ನು ಮಾತ್ರ ಚಾಚಿದರು.

ಅಂಗೈಯಗಲದ ಆ ಕಪ್ಪುಬಿಳುಪಿನ ಚಿತ್ರ ಇಂದಿಗೂ ನನ್ನ ಬಳಿ ಇದೆ. ಹ್ಯಾಂಡಲ್ಲು, ಗಂಟೆ, ತೆರಿಗೆ ಕಟ್ಟಿದ್ದಕ್ಕೆ ಕೊಟ್ಟ ಬಿಲ್ಲೆ (ಅಂದು ಸೈಕಲ್ಲಿಗೂ ತೆರಿಗೆಯಿತ್ತು!) ಎಲ್ಲವೂ ಸ್ಪಷ್ಟವಾಗಿವೆ. ಸೈಕಲ್ಲು ಎಂದೋ ಗುಜರಿಗೆ ಹೋಯಿತು. 1981ರಲ್ಲಿ ಅಪ್ಪಯ್ಯ ತೀರಿಕೊಂಡಾಗ ಗೋಡೆಗೆ ಹಾಕಲು ಅವರ ಭಾವಚಿತ್ರಕ್ಕಾಗಿ ಮನೆಯೆಲ್ಲ ಹುಡುಕಿದೆವು, ಒಂದೂ ಇರಲಿಲ್ಲ. ಸಿಕ್ಕಿದ್ದು ಈ ಸೈಕಲ್ಲಿನ ಚಿತ್ರ. ಅದರ ಅಂಚಿನಲ್ಲಿ ಸೀಟನ್ನು ಬಿಗಿಯಾಗಿ ಹಿಡಿದ ಒಂದು ಕೈ ಇದೆ. ಅಡಕೆ ಸುಲಿದು ಕಪ್ಪಾದ ಆ ಬೆರಳುಗಳನ್ನು ಅಮ್ಮ ನೋಡಿದೊಡನೆಯೇ ಗುರುತಿಸಿದಳು.