ಬೇಸಗೆಯಲ್ಲಿ ಕಾಡುಗಿಡಗಳನ್ನು ಸಂಗ್ರಹಿಸಿ ಗುರುತಿಸುವ ಕ್ರಮ

ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಮುಂಗಾರು ಹಿಡಿಯುವ ತನಕ ಬೇಸಾಯಗಾರರಿಗೆ ಹೊಲದ ಕೆಲಸವು ಕಡಿಮೆಯಾಗಿರುವುದು. ಈ ಬಿಡುವಿನ ಕಾಲದಲ್ಲಿ ಬದು, ಗೋಮಾಳ, ಹಳ್ಳದ ದಡ ಮತ್ತು ಒಣಗಿದ ಕೆರೆಯಂಗಳಗಳಲ್ಲಿ ವಾರಕ್ಕೊಮ್ಮೆ ಸುತ್ತಾಡಿ, ಅಲ್ಲಿ ತಾವಾಗಿ ಹುಟ್ಟಿ ಬೆಳೆದಿರುವ ಗಿಡಗಳನ್ನು ಗುರುತಿಸುವುದು ಪ್ರತಿಯೊಬ್ಬ ಜಮೀನುದಾರನಿಗೂ ಗ್ರಾಮದ ಮುಖಂಡನಿಗೂ ಉಪಯುಕ್ತವಾದ ಕೆಲಸ. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದಾಗಿ, ಹುಲ್ಲೆಲ್ಲಾ ಒಣಗಿರುವಾಗ ಹಸುರಾಗಿ ಉಳಿದ ಗಿಡಗಳು ಸುಲಭವಾಗಿ ಕಣ್ಣಿಗೆ ಬೀಳುವುವು. ಎರಡನೆಯದಾಗಿ, ಮೇವಿಲ್ಲದ ಈ ಕಾಲದಲ್ಲಿ ಹಸಿದ ದನಗಳು ಬೇರೆ ಕಾಲದಲ್ಲಿ ಮೂಸಿಯೂ ನೋಡದ ಗಿಡಗಳಿಗೆ ಬಾಯಿ ಹಾಕುವುವು. ಮೂರನೆಯದಾಗಿ, ಭರಣಿ ಕೃತ್ತಿಕೆ ಮಳೆಗಳು ಬಿದ್ದೊಡನೆ ಮೊಳೆಯುವ ಕಳೆಗಳನ್ನು ಬೀಜ ಕಟ್ಟುವುದಕ್ಕೆ ಮುಂಚೆಯೇ ಕೀಳಬಹುದು.

ಗಿಡದ ಜಾತಿಯನ್ನು ಸರಿಯಾಗಿ ತಿಳಿಯದಿದ್ದರೆ ಪ್ರಯತ್ನಗಳೆಲ್ಲಾ ವ್ಯರ್ಥವಾಗುವುವೆಂಬುದಕ್ಕೆ ಪಾಪಾಸುಕಳ್ಳಿಯೇ ಸಾಕ್ಷಿ. 1795ರಲ್ಲಿ ಬ್ರೆಜಿಲಿನಿಂದ ಹಿಂದೂದೇಶಕ್ಕೆ ಬಂದ ಒಂದು ಬಿಳಿಯ ಹುಳುವು ಒಂದು ಜಾತಿಯ ಕಳ್ಳಿಯನ್ನು ತಿಂದು ನಾಶಮಾಡಿತು. ಆದರೆ ಅದರಂತೆಯೇ ಕಾಣುತ್ತಿದ್ದ ಮತ್ತೊಂದು ಜಾತಿಯನ್ನು ಮುಟ್ಟಲಿಲ್ಲ. 1926ರಲ್ಲಿ ಸಿಂಹಳದಿಂದ ಬೇರೆ ಜಾತಿಯ ಹುಳುವನ್ನು ತಂದು ಬಿಟ್ಟ ಮೇಲೆಯೇ ಆ ಎರಡನೆಯ ಕಳ್ಳಿಯು ಅಡಗಿತು. ಮನುಷ್ಯನ ಕಣ್ಣಿಗೆ ಒಂದೇ ಆಗಿ ತೋರಿದ ಎರಡು ಗಿಡಗಳ ಭೇದವು ಹುಳುವಿಗೆ ತಿಳಿದಿತ್ತು.

ಸಂಗ್ರಹಿಸುವ ಕ್ರಮ

ಒಂದು ಕುಡುಗೋಲು, ಒಂದು ಸಣ್ಣ ಗುದ್ದಲಿ, ಹಳೆಯ ವೃತ್ತಪತ್ರಿಕೆಗಳು, ಎರಡು ಹಲಗೆ, ಒಂದು ಹಗ್ಗ ಇಷ್ಟಿದ್ದರೆ ಸಾಕು. ದೊಡ್ಡ ಗಿಡವಾದರೆ ಎಲೆ, ಹೂ, ಕಾಯಿ ಮೂರೂ ಇರುವ ಗೇಣುದ್ದದ ರೆಂಬೆಯನ್ನು ಕೊಯ್ಯಬೇಕು. ಸಣ್ಣ ಗಿಡವಾದರೆ ಬೇರುಸಹಿತ ಕೀಳಬೇಕು. ಬರಿಯ ಎಲೆಯನ್ನು ತಂದರೆ ಗುರುತಿಸುವುದು ಕಷ್ಟ. ತಂದ ಮಾದರಿಯನ್ನು ಕಾಗದಗಳ ನಡುವೆ ಹರಡಿ, ಒಂದೆರಡು ಎಲೆಗಳನ್ನು ಹಿಂಭಾಗ ಮೇಲೆ ಬರುವಂತೆ ಮಗುಚಿ, ಹಲಗೆಗಳ ನಡುವೆ ಬಿಗಿದು ಮೇಲೆ ಕಲ್ಲು ಹೇರಬೇಕು. ಮೊದಲ ಮೂರು ನಾಲ್ಕು ದಿನ ಕಾಗದವನ್ನು ದಿನವೂ ಬದಲಾಯಿಸದಿದ್ದರೆ ಮಾದರಿಯು ಬೂಷ್ಟು ಹಿಡಿಯುವುದು.

ಪ್ರತಿಯೊಂದು ಮಾದರಿಯೊಂದಿಗೂ ಒಂದು ಚೀಟಿಯನ್ನಿಟ್ಟು ಅದರಲ್ಲಿ ಸ್ಥಳ, ತಾರೀಖು, ನೆಲದ ಬಗೆ, ಊರಿನಲ್ಲಿ ಕರೆಯುವ ಹೆಸರು, ಹೂವಿನ ಬಣ್ಣ, ದನಗಳು ತಿನ್ನುವುವೇ ಇಲ್ಲವೇ ಎಂಬುದನ್ನು ಬರೆಯತಕ್ಕದ್ದು. ಒಣಗಿದ ಮೇಲೆ ಹೂವಿನ ಬಣ್ಣವು ಮಾಸುವುದರಿಂದ ಅದನ್ನು ಸ್ಥಳದಲ್ಲಿಯೇ ಬರೆಯಬೇಕು. ಊರಿನ ಹೆಸರೊಂದನ್ನೇ ನಂಬಕೂಡದು. ಒಂದೇ ಹೆಸರು ಒಂದು ಸೀಮೆಯಲ್ಲಿ ಒಂದು ಗಿಡಕ್ಕೂ ಇನ್ನೊಂದು ಸೀಮೆಯಲ್ಲಿ ಬೇರೊಂದಕ್ಕೂ ಇರುವುದುಂಟು. ತಿಳಿಯದ ಗಿಡವನ್ನು ಬಾಯಿಗೆ ಹಾಕಿ ರುಚಿ ನೋಡಬಾರದು. ಗಿಡವು ಒಂದೆರಡೇ ಇದ್ದಲ್ಲಿ ಬೇರು ಕೀಳದೆ ರೆಂಬೆಯನ್ನು ಮಾತ್ರ ತೆಗೆಯತಕ್ಕದ್ದು.

ನೋಡಬೇಕಾದ ಲಕ್ಷಣಗಳು

ಎಲೆಗಳು ಎದುರುಬದುರಾಗಿವೆಯೇ, ಒಂದೊಂದಾಗಿವೆಯೇ, ಸುತ್ತಾಗಿವೆಯೇ. ಎಲೆಯು ಒಂಟಿಯೇ, ಹಲವು ಕಿರುಎಲೆಗಳಿಂದಾದುದೇ. ಮುರಿದಾಗ ಬರುವ ರಸವು ನೀರಿನಂತಿದೆಯೇ, ಹಾಲಿನಂತಿದೆಯೇ, ಹಳದಿಯೇ. ಹೂ ಕಾಯಿಗಳ ಆಕಾರವೇನು, ಎಂಬುವುಗಳನ್ನು ಕ್ರಮವಾಗಿ ನೋಡಬೇಕು. ದೃಷ್ಟಾಂತವಾಗಿ, ಹೊಂಗೆಗೂ ಗುಲಗಂಜಿಗೂ ಕಿರುಎಲೆಗಳುಂಟು. ಹೊಂಗೆಯ ಕಡ್ಡಿಯ ತುದಿಯಲ್ಲಿ ಒಂಟಿ ಕಿರುಎಲೆಯಿರುವುದು. ಗುಲಗಂಜಿಯ ಕಡ್ಡಿಯಲ್ಲಿ ಕಿರುಎಲೆಗಳು ಜೋಡಿಜೋಡಿಯಾಗಿಯೇ ಮುಗಿಯುವುವು.

ಉಪಯುಕ್ತವಾದ ಗಿಡಗಳು

ಹೊಂಗೆ, ತಂಗಡಿ, ಎಕ್ಕ ಇವು ಗದ್ದೆಗೆ ಒಳ್ಳೆಯ ಹಸುರೆಲೆ ಗೊಬ್ಬರ. ತಂಗಡಿಯನ್ನು ಹಳದಿಯ ಹೂ, ಚಪ್ಪಟೆಯಾದ ಕಾಯಿ ಮತ್ತು ಎಲೆಯ ಬುಡದಲ್ಲಿ ಕಿವಿಯಂತೆ ಅಂಟಿಕೊಂಡಿರುವ ಎಲೆಗಳಿಂದ ತಿಳಿಯಬಹುದು. ಇವುಗಳ ಎಳೆಯ ರೆಂಬೆಗಳನ್ನು ನಾಟಿಗೆ ಒಂದೆರಡು ವಾರ ಮುಂಚೆ ಕೆಸರಿನಲ್ಲಿ ತುಳಿಯಬೇಕು. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ಎಚ್ಚರವಿರಬೇಕು. ಮೂರು ಅಥವಾ ಐದು ಕಿರುಎಲೆಗಳುಳ್ಳ, ಎಲೆಯ ಹಿಂಭಾಗ ಬೆಳ್ಳಗಿರುವ ಲಕ್ಕಿಯ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಧಾನ್ಯದೊಂದಿಗೆ ಇಡುವ ವಾಡಿಕೆಯುಂಟು. ರೆಕ್ಕೆಯಂಥ ಕಾಯಿಗಳನ್ನು ಬಿಡುವ ಬಂದರಿಕೆಯನ್ನು ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೊರೆದ ಕಲ್ಲುನೆಲದಲ್ಲಿ ಮಣ್ಣನ್ನು ಹಿಡಿದಿಡುವ ಈ ಗಿಡವನ್ನು ಬೇರುಸಹಿತ ಕೀಳಕೂಡದು.

ಅಪಾಯಕರವಾದ ಗಿಡಗಳು

1. ಅರಿಶಿನ ಉಮ್ಮತ್ತಿ. ಇದು ಬೀಳು ಹೊಲಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಬೆಳೆಯುವುದು. ಮುಳ್ಳಂಚಿನ ಬೂದುಹಸುರು ಎಲೆ, ಹಳದಿಯ ಹೂ, ಮುರಿದರೆ ಹಳದಿಯ ಹಾಲು, ಮುಳ್ಳುಕಾಯಿ, ಇವು ಇದರ ಗುರುತುಗಳು. ಇದರ ಕರಿಯ ಬೀಜವು ಸಾಸಿವೆಯನ್ನು ಹೋಲುವುದೇ ದೊಡ್ಡ ಅಪಾಯ. ಸೂಕ್ಷ್ಮವಾಗಿ ನೋಡಿದರೆ ಸಾಸಿವೆಯ ಮೈ ನಯವಾಗಿರುವುದು. ಇದರ ಮೈಮೇಲೆ ಬಲೆಯಂಥ ಕುಳಿಗಳಿರುವುವು. ಇದು ಬೆರೆತ ಎಣ್ಣೆಯನ್ನು ತಿಂದವರಿಗೆ ಕಾಲುಗಳು ಊದಿ, ಉಸಿರು ಕಟ್ಟಿ, ಹೃದಯವು ಕುಂದುವುದು. 1998ರಲ್ಲಿ ದೆಹಲಿಯಲ್ಲಿ ಇಂಥ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಮಂದಿ ಮಡಿದರು. ರಾಗಿಯೊಂದಿಗೆ ಸಾಸಿವೆಯನ್ನು ಅಕ್ಕಡಿಯಾಗಿ ಬೆಳೆಯುವವರು ಹೊಲದಲ್ಲಿಯೂ ಕಣದ ಸುತ್ತಲೂ ಈ ಗಿಡವನ್ನು ಒಂದನ್ನೂ ಉಳಿಸಬಾರದು.

2. ಲಂಟಾನ. ನಾಲ್ಕು ಮೂಲೆಯ ಮುಳ್ಳುಕಾಂಡ, ಎದುರುಬದುರಾದ ಒರಟು ಎಲೆ, ಗೊಂಚಲು ಹೂ, ಕಟುವಾದ ವಾಸನೆ. ಇದನ್ನು ತಿಂದ ದನಕ್ಕೆ ಪಿತ್ತಜನಕಾಂಗವು ಕೆಟ್ಟು ಕಣ್ಣು ಹಳದಿಯಾಗುವುದು. ಬಿಸಿಲಿಗೆ ಮೂತಿಯ ಮತ್ತು ಬಿಳಿಯ ಭಾಗಗಳ ಚರ್ಮವು ಬೆಂದಂತಾಗುವುದು. ಅಂಥ ದನವನ್ನು ನೆರಳಿನಲ್ಲಿ ಕಟ್ಟಿ ಪಶುವೈದ್ಯರಿಗೆ ತೋರಿಸತಕ್ಕದ್ದು.

3. ಕಣಗಿಲು. ಸಾಮಾನ್ಯವಾಗಿ ಮೂರು ಮೂರಾಗಿ ಸುತ್ತಿಗೆ ಹುಟ್ಟುವ ಉದ್ದವಾದ ಗಡುಸಾದ ಎಲೆಗಳಿಂದ ಇದನ್ನು ತಿಳಿಯಬಹುದು. ಒಣಗಿದರೂ ಇದರ ವಿಷವು ಹೋಗುವುದಿಲ್ಲ. ಸವರಿದ ರೆಂಬೆಗಳನ್ನು ದನಗಳ ದಾರಿಯಲ್ಲಿ ಎಸೆಯುವ ಅಭ್ಯಾಸವನ್ನು ಬಿಡಬೇಕು.

4. ಪಾರ್ಥೇನಿಯಂ. ಇದನ್ನು ಕಾಂಗ್ರೆಸ್ ಗಿಡವೆಂದೂ ಕರೆಯುವರು. ಎಳೆಯದರಲ್ಲಿ ಇದರ ಸೀಳುಸೀಳಾದ ಎಲೆಯು ಮಾಚಿಪತ್ರೆಯಂತೆಯೇ ಕಾಣುವುದು. ಆದರೆ ಉಜ್ಜಿದರೆ ಮಾಚಿಪತ್ರೆಯ ಸುವಾಸನೆಯಿರುವುದಿಲ್ಲ. ಇದು ಕೆಲವರಿಗೆ ತುರಿಕೆಯನ್ನೂ ಉಬ್ಬಸವನ್ನೂ ತರುವುದು; ತಿಂದ ಹಸುವಿನ ಹಾಲು ಕಹಿಯಾಗುವುದು. 1984ರಲ್ಲಿ ಮೆಕ್ಸಿಕೋ ದೇಶದ ಒಂದು ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಮಳೆಗಾಲದಲ್ಲಿ ಈ ಗಿಡವನ್ನು ತಿನ್ನುವುದು. ಆದರೂ ಹೂ ಬಿಡುವುದಕ್ಕೆ ಮುಂಚೆ, ನೆಲ ಒದ್ದೆಯಾಗಿರುವಾಗ, ಕೈಗೆ ಚೀಲ ಕಟ್ಟಿಕೊಂಡು ಬೇರುಸಹಿತ ಕೀಳುವುದೇ ನಿಶ್ಚಯವಾದ ಉಪಾಯ.

ಇವುಗಳೊಂದಿಗೆ ಜೋಳದ ಕೂಳೆಯ ವಿಷಯವನ್ನೂ ಹೇಳಬೇಕು. ಇದು ಕಾಡುಗಿಡವಲ್ಲದಿದ್ದರೂ ಬೇಸಗೆಯ ಸುತ್ತಾಟದಲ್ಲಿ ಮೊದಲು ನೋಡಬೇಕಾದುದು. ಕೊಯ್ದ ಜೋಳದ ಬುಡಗಳು ಮಳೆ ಬಿದ್ದೊಡನೆ ಚಿಗುರುವುವು. ಈ ಎಳೆಯ ಚಿಗುರಿನಲ್ಲಿ ಪ್ರುಸಿಕ್ ಆಮ್ಲವನ್ನು ಉಂಟುಮಾಡುವ ವಸ್ತುವಿದೆ. ಹಸಿದ ದನವು ಇದನ್ನು ಹೊಟ್ಟೆ ತುಂಬ ಮೇದರೆ ಉಸಿರು ಬಿಗಿದು, ಮೈ ನಡುಗಿ, ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು ಸಾಯುವುದುಂಟು. ಕೂಡಲೇ ವೈದ್ಯರು ಬಂದು ಚುಚ್ಚುಮದ್ದು ಕೊಟ್ಟರೆ ಬದುಕಬಹುದು. ಮನೆಮದ್ದಿಗಾಗಿ ಕಾಲ ಕಳೆಯಕೂಡದು. ಮಳೆ ಬಿದ್ದ ಮೇಲೆ ಜೋಳದ ಹೊಲಗಳಿಗೆ ದನಗಳನ್ನು ಬಿಡದಂತೆ ದನಗಾಹಿಗಳಿಗೆ ಮುಂಚಿತವಾಗಿಯೇ ತಿಳಿಸುವುದು ಗ್ರಾಮದ ಮುಖಂಡರ ಕರ್ತವ್ಯ.

ಗ್ರಾಮದಲ್ಲಿ ಮಾಡಬೇಕಾದುದು

ಒಣಗಿದ ಮಾದರಿಗಳನ್ನು ಗಟ್ಟಿ ಕಾಗದಕ್ಕೆ ಅಂಟಿಸಿ ಊರಿನ ಶಾಲೆಯಲ್ಲಿಡಬೇಕು. ಗುರುತು ಸಿಕ್ಕದ ಮಾದರಿಯನ್ನು ಚೀಟಿಸಹಿತವಾಗಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಬೇಕು. ಈ ಸುತ್ತಾಟಗಳಲ್ಲಿ ದನಗಾಹಿಗಳನ್ನೂ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋಗತಕ್ಕದ್ದು. ಯಾವ ಗಿಡವನ್ನು ಯಾವ ದನ ಬಿಡುವುದು, ಯಾವುದನ್ನು ಹಸಿದಾಗ ಮಾತ್ರ ತಿನ್ನುವುದು ಎಂಬುದು ದನಗಾಹಿಗೆ ತಿಳಿದಿರುವಷ್ಟು ಜಮೀನುದಾರನಿಗೆ ತಿಳಿದಿರುವುದಿಲ್ಲ. ಆ ತಿಳಿವಳಿಕೆಯನ್ನು ಕೇಳಿ ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ಬೇಸಗೆಯಲ್ಲಿ ಅದು ಊರಿನ ಎಲ್ಲ ಕೊಟ್ಟಿಗೆಗಳಿಗೂ ಉಪಯೋಗಕ್ಕೆ ಬರುವುದು.